ಕೊನೆಯಲ್ಲಿ ಬರುವವರಿಗೂ ನೀರಿರಲಿ

ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ, ಸಕಲೇಶಪುರದ ಆಚೆ, ಕಾಫಿ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ನಾನೂ ನನ್ನ ಗೆಳೆಯನೂ 42 ಕಿಲೋಮೀಟರ್ ಓಡಿದೆವು. ಓಡಿದೆವು ಎನ್ನುವುದು ಪೂರ್ತಿ ನಿಜವಲ್ಲ. ಇಳಿಜಾರಿನಲ್ಲಿ ಓಡಿದೆವು, ಸಮತಟ್ಟಿನಲ್ಲಿ ಕುಕ್ಕುಲೋಟ ಹಾಕಿದೆವು, ಏರು ಬಂದಾಗ ಸೊಂಟಕ್ಕೆ ಕೈಕೊಟ್ಟು ನಡೆದೆವು. ಒಟ್ಟು 8 ಗಂಟೆ 20 ನಿಮಿಷ ಹಿಡಿಯಿತು. ನಾವು ಗುರಿ ತಲುಪಿದಾಗ ಸ್ವಾಗತ ಕಮಾನಿನ ಗಾಳಿ ತೆಗೆದು ಮಡಿಸುತ್ತಿದ್ದರು. ಸಂಘಟಕರ ಫಲಿತಾಂಶ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರಿನ ಮುಂದೆ 'ಪೂರ್ಣಗೊಳಿಸಲಿಲ್ಲ' ಎಂದಿದೆ. ಅದರ ಬಗ್ಗೆ ನನ್ನ ದೂರಿಲ್ಲ. ಕಾಲಮಿತಿ ಎಂಟು ಗಂಟೆ ಎಂದು ಅವರು ಮೊದಲೇ ತಿಳಿಸಿದ್ದರು, ನಾವು ಅದನ್ನು ಮೀರಿದೆವು. ದೂರಿರುವುದು ಬೇರೆ ಸಂಗತಿಗಳ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಗೆಳೆಯನ ಹೆಸರನ್ನು ಬರೆಯಕೂಡದೆಂಬುದು ಆತನದೇ ಷರತ್ತು. 1980ರ ದಶಕದ ಉತ್ತರಾರ್ಧದಲ್ಲಿ ನಾವಿಬ್ಬರೂ ಗೆಜೆಟೆಡ್ ಪ್ರೊಬೇಷನರುಗಳಾಗಿ ಸೇವೆಗೆ ಸೇರಿದವರು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಒಂದೇ ಕೊಠಡಿಯಲ್ಲಿದ್ದೆವು. ಆತ ಹಾಸನ ಜಿಲ್ಲೆಯವನು. ನಿವೃತ್ತಿಯಾದ ವರ್ಷವೇ ಆತನ ಹೃದಯದ ರಕ್ತನಾಳಗಳಿಗೆ ಎರಡು ಸ್ಟೆಂಟ್ ಹಾಕಬೇಕಾಯಿತು. ಒಂದು ವರ್ಷ ನಡಿಗೆ, ಇನ್ನೊಂದು ವರ್ಷ ನಿಧಾನದ ಓಟ, ನಡುನಡುವೆ ಟಿ.ಎಂ.ಟಿ. ಪರೀಕ್ಷೆ. ಮ್ಯಾರಥಾನಿನ ಮಾತೆತ್ತಿದಾಗ ವೈದ್ಯರು ತಪಾಸಣೆ ಮಾಡಿ ಒಪ್ಪಿಗೆ ಕೊಟ್ಟರು. ಆದರೆ ಒಂದು ನಿಯಮ ವಿಧಿಸಿದರು: ಓಡುತ್ತಿರುವಾಗ ಪಕ್ಕದವನೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗಬೇಕು, ವಾಕ್ಯ ತುಂಡಾದರೆ ವೇಗ ಹೆಚ್ಚಾಯಿತೆಂದೇ ಅರ್ಥ. ವ್ಯಾಯಾಮ ವಿಜ್ಞಾನದಲ್ಲಿ ಇದು ಹೊಸದೇನಲ್ಲ. ಮಾತಿಗೆ ಉಸಿರು ಸಾಲುತ್ತದೆಯೆಂದರೆ ದೇಹದ ಬೇಡಿಕೆಗೂ ಆಮ್ಲಜನಕದ ಪೂರೈಕೆಗೂ ಹೊಂದಾಣಿಕೆ ಇದೆ ಎಂದು ತಿಳಿಯಬಹುದು. ಗಡಿಯಾರ ಬೇಡ, ಎದೆಗೆ ಕಟ್ಟುವ ಪಟ್ಟಿ ಬೇಡ. ಬೇಕಾದದ್ದು ಜತೆಗಾರ ಮಾತ್ರ. ಹೀಗೆ ನಾನು ವೈದ್ಯಕೀಯ ಸಲಕರಣೆಯಾದೆ.

ಹೊರಡುವ ಹಿಂದಿನ ದಿನ ಆತನ ಪತ್ನಿ ನನ್ನನ್ನು ಪಕ್ಕಕ್ಕೆ ಕರೆದು, "ಇವರನ್ನ ಬಿಟ್ಟು ಮುಂದೆ ಹೋಗ್ಬೇಡಿ ಅಣ್ಣಾ. ನೋವಾದ್ರೂ ಬಾಯಿ ಬಿಟ್ಟು ಹೇಳಲ್ಲ" ಎಂದರು. ಅವರು ಸಹಜವಾಗಿಯೇ ಹೇಳಿದ ಮಾತದು. ನನಗೆ ಮಾತ್ರ ಅದು ಬೇರೆಡೆಗೆ ತಾಗಿತು.

ಹೃದಯ ಮತ್ತು ವ್ಯಾಯಾಮದ ವಿಷಯ ಬಂದಾಗ ಕರ್ನಾಟಕದಲ್ಲಿ ಸಮಾಧಾನದ ಚರ್ಚೆ ಸಾಧ್ಯವಾಗದ ಸ್ಥಿತಿ ಕೆಲವು ವರ್ಷಗಳಿಂದ ಇದೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ವ್ಯಾಯಾಮಶಾಲೆಗಳೇ ಅಪರಾಧಿಗಳೆಂಬಂತೆ ಮಾತುಗಳು ಹಬ್ಬಿದವು. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಜನ ಗಾಬರಿಯಿಂದ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು ನಿಂತರು. ಆ ದಿನಗಳಲ್ಲಿ ನನ್ನ ಗೆಳೆಯನ ನೆಂಟರು ಒಬ್ಬೊಬ್ಬರಾಗಿ ಫೋನ್ ಮಾಡಿ, ಓಟ ನಿಲ್ಲಿಸುವಂತೆ ಬುದ್ಧಿ ಹೇಳಿದರಂತೆ. ಅವರಲ್ಲಿ ಯಾರೂ ಸಿಗರೇಟು ಬಿಟ್ಟಿರಲಿಲ್ಲ ಎಂಬುದು ಆತನ ಟಿಪ್ಪಣಿ. ನನ್ನ ಅನಿಸಿಕೆಯಲ್ಲಿ ಆತಂಕಪಡಬೇಕಾದದ್ದು ಓಟಕ್ಕಲ್ಲ, ಅವಸರಕ್ಕೆ. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತ ದೇಹವನ್ನು ತಪಾಸಣೆಯಿಲ್ಲದೆ ಮೂರು ತಿಂಗಳಲ್ಲಿ ಪಂದ್ಯಕ್ಕೆ ಹೂಡುವುದು, ಪಕ್ಕದವನ ಸಮಯ ನೋಡಿ ತನ್ನ ವೇಗ ನಿರ್ಧರಿಸುವುದು: ಅಪಾಯವಿರುವುದು ಇಲ್ಲಿ.

ನಾನು ಅರ್ಥಶಾಸ್ತ್ರ ಓದಿದವನು. ಸ್ವೀಡನ್ನಿನ ಸ್ಟಾಫನ್ ಲಿಂಡರ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿಯೇ ಒಂದು ವಿಚಿತ್ರವನ್ನು ಗುರುತಿಸಿದ್ದ. ಆದಾಯ ಏರಿದಂತೆ ಪ್ರತಿ ಗಂಟೆಯ ಬೆಲೆಯೂ ಏರುತ್ತದೆ. ಆದ್ದರಿಂದ ಸಿರಿವಂತ ಸಮಾಜದಲ್ಲಿ ಬಿಡುವು ಹೆಚ್ಚುವ ಬದಲು ಬಿಡುವಿನೊಳಗೂ ಧಾವಂತ ಹೊಕ್ಕುತ್ತದೆ. ವಿರಾಮವನ್ನೂ ಉತ್ಪಾದಕವಾಗಿಸುವ ಚಟ ಹತ್ತುತ್ತದೆ. ಇಂದಿನ ಬೆಂಗಳೂರಿನ ಭಾನುವಾರದ ಓಟಗಾರರನ್ನು ನೋಡಿದರೆ ಲಿಂಡರ್ ನೆನಪಾಗುತ್ತಾನೆ. ವಾರವಿಡೀ ಗುರಿ-ಗಡುವುಗಳಲ್ಲಿ ಬೆಂದವರು ವಾರಾಂತ್ಯದಲ್ಲಿ ಶುಲ್ಕ ಕೊಟ್ಟು ಇನ್ನೊಂದು ಗುರಿ-ಗಡುವಿಗೆ ಸಿಕ್ಕಿಕೊಳ್ಳುತ್ತಾರೆ. ಲಿಂಡರನ ನಂತರ ಬಂದ ಬ್ರಿಟನ್ನಿನ ಫ್ರೆಡ್ ಹರ್ಷ್ 1976ರಲ್ಲಿ ಮತ್ತೊಂದು ಭೇದವನ್ನು ವಿವರಿಸಿದ. ಕೆಲವು ಸರಕುಗಳನ್ನು ಎಲ್ಲರೂ ಪಡೆಯಬಹುದು; ಕೆಲವು, ಇನ್ನೊಬ್ಬನಿಗೆ ಇಲ್ಲದಿದ್ದರೆ ಮಾತ್ರ ನಮಗೆ ದಕ್ಕುತ್ತವೆ. ಪಂದ್ಯದಲ್ಲಿನ ಸ್ಥಾನ ಎರಡನೆಯ ಬಗೆಯದು. ಸರ್ಕಾರಿ ನೌಕರನಿಗೆ ಇದನ್ನು ಅರ್ಥ ಮಾಡಿಸಲು ಪುಸ್ತಕ ಬೇಡ, ಜ್ಯೇಷ್ಠತಾ ಪಟ್ಟಿ ಸಾಕು. ಅದರಲ್ಲಿ ಒಬ್ಬ ಮೇಲೇರಬೇಕಾದರೆ ಮತ್ತೊಬ್ಬ ಇಳಿಯಲೇಬೇಕು.

ಓಟದ ದಿನಕ್ಕೆ ಮರಳುತ್ತೇನೆ. ಬೆಳಿಗ್ಗೆ ಆರಕ್ಕೆ ಆರಂಭವಾಗಬೇಕಿತ್ತು. ಹಿಂದಿನ ರಾತ್ರಿ ದಾರಿಯ ಪಕ್ಕದ ತೋಟವೊಂದರಲ್ಲಿ ಆನೆಗಳು ಬೀಡುಬಿಟ್ಟಿದ್ದವು. ಅವು ದಾಟಿಹೋದವೆಂದು ಅರಣ್ಯ ಸಿಬ್ಬಂದಿ ತಿಳಿಸುವವರೆಗೆ ಕಾಯಬೇಕೆಂದರು. ಸಕಲೇಶಪುರ-ಆಲೂರು ಭಾಗದಲ್ಲಿ ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಶಾಲೆಯ ಮಕ್ಕಳು ದಿನವೂ ಈ ಸುದ್ದಿಗಾಗಿ ಕಾಯುತ್ತಾರೆ. ನಾವು ಒಂದು ದಿನ ಕಾದರೆ ನಷ್ಟವಿಲ್ಲ. ಆದರೂ ಕೆಲವು ತರುಣರು ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದರು. ಕಡೆಗೆ 6 ಗಂಟೆ 35 ನಿಮಿಷಕ್ಕೆ ಹೊರಟೆವು.

ಹೂಮಳೆ ಬಿದ್ದು ಒಂಬತ್ತು ದಿನವಾಗಿತ್ತು. ಬೇಸಿಗೆಯ ಈ ಮೊದಲ ಹದಮಳೆ ಬಿದ್ದ ಎಂಟು-ಹತ್ತು ದಿನಗಳಿಗೆ ಕಾಫಿ ಗಿಡ ಒಮ್ಮೆಗೇ ಅರಳುತ್ತದೆ. ಎರಡು ಮೂರು ದಿನಗಳ ವೈಭವವಷ್ಟೆ. ಕೊಂಬೆಯುದ್ದಕ್ಕೂ ಹತ್ತಿ ಮೆತ್ತಿದಂತೆ ಬಿಳುಪು. ಮಲ್ಲಿಗೆಯನ್ನು ಹೋಲುವ ಪರಿಮಳ. ಕಿವಿಗೊಟ್ಟರೆ ಜೇನುಹುಳುಗಳ ಒಂದೇ ಸಮನೆಯ ಗುಂಯ್‌ಗುಡುವಿಕೆ. ರೊಬಸ್ಟಾ ಗಿಡದ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವೇ ಬೇಕು. ಹಾಗಾಗಿ ಗಾಳಿಗೂ ಜೇನಿಗೂ ಆ ಎರಡು ದಿನ ಭಾರಿ ಕೆಲಸ. ಇದನ್ನು ವಿವರಿಸಿದವನು ಗೆಳೆಯ. ಆತನ ಸೋದರಮಾವನಿಗೆ ಆರು ಎಕರೆ ತೋಟವಿತ್ತು. ನಾನು ಈ ಉಪವಿಭಾಗದಲ್ಲಿ ಎರಡು ವರ್ಷ ಅಧಿಕಾರಿಯಾಗಿದ್ದೆ. ಹೂವಿನ ಕಾಲದಲ್ಲಿ ಇದೇ ರಸ್ತೆಗಳಲ್ಲಿ ಎಷ್ಟೋ ಸಲ ಓಡಾಡಿದ್ದೇನೆ, ಆದರೆ ಜೀಪಿನಲ್ಲಿ. ಜೀಪಿನ ಗಾಜಿನಾಚೆ ಕಂಡದ್ದು ಹಾಲುವಾಣದ ಕೆಂಪು ಮಾತ್ರ. ಪರಿಮಳ ಬಂದ ನೆನಪಿಲ್ಲ, ಜೇನಿನ ಸದ್ದಂತೂ ಇಲ್ಲವೇ ಇಲ್ಲ.

ಮೊದಲ ಇಪ್ಪತ್ತೈದು ಕಿಲೋಮೀಟರ್ ನಾವು ಆಡಿದ ಮಾತುಗಳನ್ನು ಬರೆದರೆ ಈ ಪುಟ ಸಾಲದು. ಮಕ್ಕಳ ಊರು, ಪಿಂಚಣಿ, ಮೊಣಕಾಲು, ತೀರಿಹೋದ ಸಹಪಾಠಿಗಳು, ತರಬೇತಿ ಸಂಸ್ಥೆಯ ಉಪ್ಪಿಟ್ಟು. ಇಪ್ಪತ್ತೊಂಬತ್ತನೆಯ ಕಿಲೋಮೀಟರಿನ ಹತ್ತಿರ ಉದ್ದನೆಯ ಏರೊಂದು ಬಂತು. ನಡೆಯತೊಡಗಿದೆವು. ಆಗ ಗೆಳೆಯ, "ಆ ಸಭೇಲಿ ನಿನ್ನ ಕುರ್ಚಿ ನನ್ನ ಪಕ್ಕದಲ್ಲೇ ಇತ್ತಲ್ವಾ?" ಎಂದ.

ಯಾವ ಸಭೆಯೆಂದು ನಾನು ಕೇಳಲಿಲ್ಲ. ರಾಜ್ಯದಲ್ಲಿ ಸತತ ಬರಗಾಲವಿದ್ದ, 2001ರಿಂದ 2004ರವರೆಗಿನ ಅವಧಿಯ ಮಾತದು. ದನಗಳಿಗೆ ಮೇವಿಲ್ಲದೆ ರೈತರು ಕಂಗಾಲಾಗಿದ್ದಾಗ, ಟೆಂಡರಿಗೆ ಕಾಯದೆ ಮೇವು ಖರೀದಿಸುವಂತೆ ಸಭೆಯೊಂದರಲ್ಲಿ ಮೇಲಧಿಕಾರಿಗಳು ಮೌಖಿಕವಾಗಿ ಹೇಳಿದರು. ಗೆಳೆಯ ಖರೀದಿಸಿದ. ದನಗಳು ಉಳಿದವು. ಎರಡು ವರ್ಷದ ನಂತರ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂತು, ಇಲಾಖಾ ವಿಚಾರಣೆ ಆರಂಭವಾಯಿತು, ಬಡ್ತಿಯ ಸಮಿತಿ ಕೂತಾಗ ಆತನ ಹೆಸರು ಮುಚ್ಚಿದ ಲಕೋಟೆಗೆ ಹೋಯಿತು. ಸಭೆಯಲ್ಲಿದ್ದ ನನ್ನಿಂದ ಹೇಳಿಕೆ ಕೇಳಿದ್ದರು. 'ಈ ಬಗ್ಗೆ ಸ್ಪಷ್ಟ ನೆನಪಿಲ್ಲ' ಎಂದು ಬರೆದು ಕಳುಹಿಸಿದೆ. ಆರು ವರ್ಷಗಳ ನಂತರ ಆತ ದೋಷಮುಕ್ತನಾದ. ಅಷ್ಟರಲ್ಲಿ ಪಟ್ಟಿಯಲ್ಲಿ ಆತನಿಗಿಂತ ಎರಡು ಸ್ಥಾನ ಕೆಳಗಿದ್ದ ನಾನು ಬಹಳ ಮುಂದೆ ಹೋಗಿದ್ದೆ.

"ಇತ್ತು" ಎಂದೆ.

"ನೆನಪಿತ್ತಾ?"

"ಇತ್ತು. ಹೆದರಿದ್ದೆ."

ಸುಮಾರು ದೂರ ಆತ ಏನೂ ಹೇಳಲಿಲ್ಲ. ವೈದ್ಯರ ಸಲಕರಣೆಯಾಗಿದ್ದ ನನಗೆ ಆತನ ಮೌನದಿಂದ ಭಯವಾಯಿತು. ಉಸಿರು ಸರಿಯಿದೆಯೇ ಎಂದು ಓರೆಗಣ್ಣಿನಿಂದ ನೋಡಿದೆ. ಸರಿಯಿತ್ತು. ಆಮೇಲೆ, "ಈ ಏರು ಮುಗೀಲಿ ಕಣಯ್ಯಾ, ಓಡೋಣ" ಎಂದ. ಇಪ್ಪತ್ತು ವರ್ಷಗಳಲ್ಲಿ ನಾವು ಮದುವೆಗಳಲ್ಲಿ, ಬೀಳ್ಕೊಡುಗೆಗಳಲ್ಲಿ, ಪರಸ್ಪರರ ಮನೆಗಳಲ್ಲಿ ಎಷ್ಟೋ ಬಾರಿ ಎದುರುಬದುರು ಕುಳಿತಿದ್ದೇವೆ. ಈ ಪ್ರಶ್ನೆ ಬಂದಿರಲಿಲ್ಲ. ಇಬ್ಬರೂ ಮುಂದೆ ನೋಡುತ್ತ, ಒಂದೇ ಕಡೆಗೆ ಹೆಜ್ಜೆ ಹಾಕುತ್ತ ಆರು ಗಂಟೆ ಕಳೆಯದೆ ಅದು ಬರುತ್ತಲೂ ಇರಲಿಲ್ಲವೇನೋ. ಈ ಖಾಸಗಿ ಸಂಗತಿಯನ್ನು ಇಲ್ಲಿ ಬರೆಯಲು ಆತನ ಅನುಮತಿ ಪಡೆದಿದ್ದೇನೆ. ಬರೆಯಲು ಕಾರಣವೂ ಇದೆ. ನಿಧಾನದ ಓಟವೆಂದರೆ ವೇಗದ ಓಟದ ಕಳಪೆ ಪ್ರತಿ ಎಂಬ ಭಾವನೆ ಸಂಘಟಕರಲ್ಲೂ ಓಟಗಾರರಲ್ಲೂ ಇದೆ. ಅದು ಬೇರೆಯೇ ಒಂದು ಚಟುವಟಿಕೆ, ಅದರ ಫಲವೂ ಬೇರೆ.

ಈಗ ದೂರು. ಮೂವತ್ತನಾಲ್ಕನೆಯ ಕಿಲೋಮೀಟರಿನ ಠಾಣೆಗೆ ನಾವು ಮಧ್ಯಾಹ್ನ 1 ಗಂಟೆ 25 ನಿಮಿಷಕ್ಕೆ ತಲುಪಿದೆವು. ಮೇಜು ಮಡಿಸಿಯಾಗಿತ್ತು, ನೀರಿನ ಡ್ರಮ್ ಬೋರಲು ಬಿದ್ದಿತ್ತು. ಹತ್ತು ಮತ್ತು ಇಪ್ಪತ್ತೊಂದು ಕಿಲೋಮೀಟರ್ ಓಟದವರೂ ಅದೇ ಠಾಣೆಯನ್ನು ಬಳಸಿದ್ದರಿಂದ ನೀರು ಹನ್ನೆರಡಕ್ಕೇ ಮುಗಿದಿತ್ತಂತೆ. ಅಲ್ಲಿದ್ದ ಹುಡುಗ ಸಂಭಾವಿತ. ಆತನಿಗೆ ನೀಡಿದ್ದ ಸೂಚನೆಯಷ್ಟೇ ಕೆಟ್ಟದ್ದು. "ಅಂಕಲ್, ಜೀಪ್ ಹತ್ತಿಬಿಡಿ, ಟೈಮ್ ಆಯ್ತು" ಎಂದ. ಠಾಣೆಯ ಗಡುವು 12 ಗಂಟೆ 45 ನಿಮಿಷ; ಓಟದ ಗಡುವು ಎರಡು ಗಂಟೆ. ಆರಂಭ ಮೂವತ್ತೈದು ನಿಮಿಷ ತಡವಾಗಿತ್ತಲ್ಲ, ಅದನ್ನು ಸೇರಿಸಿಲ್ಲವೇ ಎಂದು ಕೇಳಿದೆ. ಆತನಿಗೆ ಗೊತ್ತಿರಲಿಲ್ಲ. ಸೇರಿಸಿರಲಿಲ್ಲ ಎಂಬುದು ಆಮೇಲೆ ಖಚಿತವಾಯಿತು. ಆನೆಗಾಗಿ ಎಲ್ಲರೂ ಕಾದೆವು, ಆದರೆ ಕಾದ ಸಮಯವನ್ನು ಕಳೆದುಕೊಂಡವರು ಹಿಂದಿನವರು ಮಾತ್ರ. ಸೇರಿಸಿದ್ದರೂ ನಾವಿಬ್ಬರು ಇಪ್ಪತ್ತು ನಿಮಿಷ ಹಿಂದೆ ಬೀಳುತ್ತಿದ್ದೆವು. ಆದರೆ ನಮಗಿಂತ ಮುಂದೆ ಒಬ್ಬ ಶಾಲಾ ಶಿಕ್ಷಕಿ ಇದ್ದರು. ಅವರಿಗೆ ಇದು ಮೊದಲ ಮ್ಯಾರಥಾನ್. ಜೀಪು ಹತ್ತಲು ಒಪ್ಪದೆ 7 ಗಂಟೆ 50 ನಿಮಿಷದಲ್ಲಿ, ಅಂದರೆ 2 ಗಂಟೆ 25 ನಿಮಿಷಕ್ಕೆ ಗುರಿ ಮುಟ್ಟಿದರು. ಪ್ರಕಟಿತ ನಿಯಮದ ಪ್ರಕಾರ ಹತ್ತು ನಿಮಿಷ ಮೊದಲೇ ಮುಗಿಸಿದ್ದರು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆಯೂ 'ಪೂರ್ಣಗೊಳಿಸಲಿಲ್ಲ' ಎಂದೇ ಇದೆ.

ನೀರಿನ ವಿಷಯ ಇದಕ್ಕಿಂತ ಗಂಭೀರ. ವೇಗದ ಓಟಗಾರ ಬೆಳಗಿನ ತಂಪಿನಲ್ಲಿ ಓಟ ಮುಗಿಸಿ ಹತ್ತೂವರೆಗೆ ತಿಂಡಿ ತಿನ್ನುತ್ತಿರುತ್ತಾನೆ. ನಿಧಾನದವನು ಮಾರ್ಚಿಯ ನಡುಹಗಲಿನಲ್ಲಿ ದಾರಿಯಲ್ಲೇ ಇರುತ್ತಾನೆ. ಆತ ವಯಸ್ಸಾದವನಾಗಿರಬಹುದು, ಹೊಸಬನಾಗಿರಬಹುದು, ಕಾಯಿಲೆಯಿಂದ ಚೇತರಿಸಿಕೊಂಡವನಾಗಿರಬಹುದು. ಒಂದು ಲೋಟ ನೀರಿನ ಬೆಲೆ ಆತನಿಗೆ ಎಲ್ಲರಿಗಿಂತ ಹೆಚ್ಚು. ಹಂಚಿಕೆ ಮಾತ್ರ ಇದಕ್ಕೆ ತದ್ವಿರುದ್ಧ. ನ್ಯಾಯಬೆಲೆ ಅಂಗಡಿಗಳ ಮೇಲ್ವಿಚಾರಣೆ ಮಾಡಿದವನಿಗೆ ಈ ದೃಶ್ಯ ಹೊಸದಲ್ಲ. ದಾಸ್ತಾನನ್ನು ಸರಾಸರಿ ಲೆಕ್ಕದಲ್ಲಿ ಕಳುಹಿಸುತ್ತಿದ್ದೆವು. ಕೂಲಿ ಬಿಟ್ಟು ಮೊದಲ ದಿನವೇ ಬರಲಾಗದವರು ತಿಂಗಳ ಕೊನೆಗೆ ಬಂದರೆ ಸೀಮೆಎಣ್ಣೆ ಮುಗಿದಿರುತ್ತಿತ್ತು. ಕಾಗದದಲ್ಲಿ ಹಂಚಿಕೆ ನೂರಕ್ಕೆ ನೂರು.

ನಮಗೆ ನೀರು ಕೊಟ್ಟವರು ಲೈನ್‌ಮನೆಯ ಒಬ್ಬ ಮುದುಕಿ. ಚೊಂಬಿನ ಜತೆ ಬೆಲ್ಲದ ತುಂಡೂ ಬಂತು. ನಮ್ಮ ಎದೆಯ ಮೇಲಿನ ಸಂಖ್ಯೆಗಳನ್ನೂ ಬೆವರನ್ನೂ ನೋಡಿ, "ಆನೆ ಏನಾದ್ರೂ ಅಟ್ಟಿಸ್ಕಂಡು ಬಂತಾ ಸ್ವಾಮಿ?" ಎಂದು ಕೇಳಿದಳು. ಇಲ್ಲ, ದುಡ್ಡು ಕೊಟ್ಟು ಓಡುತ್ತಿದ್ದೇವೆ ಎಂದು ಹೇಳಲು ಇಬ್ಬರಿಗೂ ಧೈರ್ಯ ಬರಲಿಲ್ಲ. ನಾನು ಕಟ್ಟಿದ ಶುಲ್ಕ ಆಕೆಯ ಒಂದು ವಾರದ ಕೂಲಿಗೆ ಕಡಿಮೆಯಿರಲಿಲ್ಲ.

ಕಾಲಮಿತಿಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ಆಂಬುಲೆನ್ಸ್, ಪೊಲೀಸರು, ಸ್ವಯಂಸೇವಕರು ಸಂಜೆಯವರೆಗೆ ಕಾಯಲಾರರು. ಆನೆಗಳ ಸೀಮೆಯಲ್ಲಿ ಕತ್ತಲಾಗುವ ಮುನ್ನ ದಾರಿ ಖಾಲಿಯಾಗಬೇಕು. ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ನಡೆಯುತ್ತಿರುವ ಕಾಮ್ರೇಡ್ಸ್ ಓಟದಲ್ಲಿ ಸುಮಾರು 90 ಕಿಲೋಮೀಟರಿಗೆ ಹನ್ನೆರಡು ಗಂಟೆಯ ಗಡುವಿದೆ. ಗಡುವು ಮುಗಿದ ಕ್ಷಣ ಅಧಿಕಾರಿಯೊಬ್ಬರು ಓಟಗಾರರಿಗೆ ಬೆನ್ನುಮಾಡಿ ನಿಂತು ಗುಂಡು ಹಾರಿಸುತ್ತಾರೆ. ಕಠಿಣವಾದರೂ ಎಲ್ಲರಿಗೂ ತಿಳಿದಿರುವ, ಎಲ್ಲರಿಗೂ ಒಂದೇ ಆದ ನಿಯಮ. ಲಂಡನ್ ಮ್ಯಾರಥಾನಿನಲ್ಲಿ 2019ರಲ್ಲಿ ಹಿಂದೆ ಉಳಿದವರನ್ನು ಕೆಲಸಗಾರರು ಹೀಯಾಳಿಸಿದ ಪ್ರಸಂಗ ನಡೆಯಿತು. ಸಂಘಟಕರು ಕ್ಷಮೆ ಕೇಳಿದರು; ಮುಂದಿನ ವರ್ಷಗಳಲ್ಲಿ ಎಂಟು ಗಂಟೆಯ ವೇಗದಲ್ಲಿ ಕೊನೆಯವರ ಜತೆಗೇ ನಡೆಯುವ ಸ್ವಯಂಸೇವಕರನ್ನು ನೇಮಿಸಿದರು. ನಮ್ಮ ಮಲೆನಾಡಿನ ಓಟಗಳಿಗೆ ಇಷ್ಟು ದೊಡ್ಡ ಏರ್ಪಾಟು ಬೇಕಿಲ್ಲ. ತಡವಾಗಿ ಆರಂಭವಾದರೆ ಗಡುವೂ ಅಷ್ಟೇ ಮುಂದಕ್ಕೆ ಹೋಗಲಿ. ಕೊನೆಯ ಠಾಣೆಗಳ ನೀರನ್ನು ಕೊನೆಯವರ ಲೆಕ್ಕದಲ್ಲಿ ಇಡಲಿ. ಗಡುವು ಮೀರಿದವನು ಸ್ವಂತ ಹೊಣೆಯಲ್ಲಿ ಮುಂದುವರಿಯಲು ಬಯಸಿದರೆ ಪದಕ ಕೊಡದಿದ್ದರೂ ನೀರು ಕೊಡಲಿ.

ಇದು ವರ್ಷಕ್ಕೊಮ್ಮೆ ಸಾವಿರಾರು ರೂಪಾಯಿ ಕೊಡಬಲ್ಲವರ ಸಮಸ್ಯೆ, ಪತ್ರಿಕೆಯಲ್ಲಿ ಚರ್ಚೆ ಯಾಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಂಗಳೂರಿನವರು ಇನ್ನೂರು ಕಿಲೋಮೀಟರ್ ಪ್ರಯಾಣ ಮಾಡಿ, ಶುಲ್ಕ ಕೊಟ್ಟು ಮಣ್ಣುದಾರಿಯನ್ನು ಹುಡುಕುವುದೇಕೆ? ಮನೆಯ ಮುಂದೆ ಇಬ್ಬರು ಅಕ್ಕಪಕ್ಕ ಮಾತನಾಡುತ್ತ ನಡೆಯುವಷ್ಟು ಅಗಲದ ಪಾದಚಾರಿ ಮಾರ್ಗವಿಲ್ಲ. ಇರುವಲ್ಲಿ ಟ್ರಾನ್ಸ್‌ಫಾರ್ಮರ್, ಕಿತ್ತ ಚಪ್ಪಡಿ, ನಿಲ್ಲಿಸಿದ ಬೈಕು. ನಮ್ಮ ಬಡಾವಣೆಯಲ್ಲಿ ನಾನೂ ಗೆಳೆಯನೂ ಒಬ್ಬರ ಹಿಂದೊಬ್ಬರು ಸಾಲಾಗಿ ಓಡಬೇಕು. ವೈದ್ಯರ ಪರೀಕ್ಷೆಗೆ ಕೂಗಾಡಬೇಕು. ಪಾದಚಾರಿ ಮಾರ್ಗವನ್ನು ಬಳಸುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು. ಅದೇ ಜುಲೈ 14ರಂದು ಫೌಜಾ ಸಿಂಗ್ ಪಂಜಾಬಿನ ತಮ್ಮ ಹುಟ್ಟೂರಿನ ಬಳಿ ರಸ್ತೆಯಲ್ಲಿ ವಾಹನ ಡಿಕ್ಕಿಯಾಗಿ ತೀರಿಕೊಂಡರು. ತಮ್ಮ ಲೆಕ್ಕದಲ್ಲಿ ಅವರಿಗೆ ಆಗ 114 ವರ್ಷ. ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, 2000ದಲ್ಲಿ, ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದ್ದರು. 2011ರಲ್ಲಿ ಟೊರಾಂಟೊದಲ್ಲಿ ನೂರರ ಹರೆಯದಲ್ಲಿ ಎಂಟು ಗಂಟೆಗೂ ಹೆಚ್ಚು ಸಮಯ ತೆಗೆದುಕೊಂಡು ಗುರಿ ಮುಟ್ಟಿದ್ದರು. ಜನನ ಪ್ರಮಾಣಪತ್ರವಿಲ್ಲವೆಂದು ಗಿನ್ನೆಸ್‌ನವರು ಆ ದಾಖಲೆಯನ್ನು ಒಪ್ಪಲಿಲ್ಲ. 1911ರ ಪಂಜಾಬಿನ ಹಳ್ಳಿಯಿಂದ ಜನನ ಪ್ರಮಾಣಪತ್ರ ಕೇಳುವವರು ನಮ್ಮ ಕಚೇರಿಗಳಲ್ಲಿ ಮಾತ್ರ ಇದ್ದಾರೆಂದು ನಾನು ತಿಳಿದಿದ್ದೆ. ಅಷ್ಟು ಮ್ಯಾರಥಾನ್‌ಗಳನ್ನು ಓಡಿ ಮುಗಿಸಿದ ಮನುಷ್ಯನಿಗೆ ಊರಿನ ರಸ್ತೆಯನ್ನು ಕ್ಷೇಮವಾಗಿ ದಾಟಲಾಗಲಿಲ್ಲ.

ಓಟ ಮುಗಿದ ಮೇಲೆ ಸಂಘಟಕರಿಗೆ ಒಂದು ಪತ್ರ ಬರೆದೆ. ನಮ್ಮಿಬ್ಬರ ವಿಷಯ ಎತ್ತಲಿಲ್ಲ. ಶಿಕ್ಷಕಿಯ ಸಮಯವನ್ನು ಆರಂಭದ ನಿಜವಾದ ವೇಳೆಯಿಂದ ಎಣಿಸಿ ಪಟ್ಟಿಯನ್ನು ತಿದ್ದಬೇಕೆಂದೂ, ನಾನು ಕಣ್ಣಾರೆ ಕಂಡ ಸಾಕ್ಷಿಯೆಂದೂ, ಆರಂಭದ ವೇಳೆ ನನಗೆ ಸ್ಪಷ್ಟವಾಗಿ ನೆನಪಿದೆಯೆಂದೂ ಬರೆದು ಸಹಿ ಹಾಕಿದೆ. ಗೆಳೆಯನಿಗೆ ಓದಲು ಕೊಟ್ಟಾಗ ಕೊನೆಯ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತ. ಏನೂ ಹೇಳದೆ ಹಿಂತಿರುಗಿಸಿದ.

ಹದಿನೈದು ದಿನಕ್ಕೆ ಉತ್ತರ ಬಂತು: 'ತಮ್ಮ ಸಲಹೆಯನ್ನು ಮುಂದಿನ ಆವೃತ್ತಿಯಲ್ಲಿ ಪರಿಶೀಲಿಸಲಾಗುವುದು.' ಮೂವತ್ತು ವರ್ಷ ನಾನೇ ಕಡತಗಳ ಮೇಲೆ ಬರೆಯುತ್ತಿದ್ದ ವಾಕ್ಯ. ಗೆಳೆಯ ಅದನ್ನು ಗಟ್ಟಿಯಾಗಿ ಓದಿ ನಕ್ಕ. ಪಟ್ಟಿಯಲ್ಲಿ ಆ ಶಿಕ್ಷಕಿಯ ಹೆಸರಿನ ಮುಂದೆ 'ಪೂರ್ಣಗೊಳಿಸಲಿಲ್ಲ' ಎಂಬುದು ಇನ್ನೂ ಹಾಗೆಯೇ ಇದೆ. ಎರಡನೆಯ ಪತ್ರವನ್ನು ನಿನ್ನೆ ಅಂಚೆಗೆ ಹಾಕಿದ್ದೇನೆ.